ಕ್ವಾಲಿಸ್ 2ಎಲ್ ಡೀಸೆಲ್: ಬೆಳಗ್ಗೆ ಸ್ಟಾರ್ಟ್ ಮಾಡಿದರೆ ಆಯಿಲ್ ಲೈಟ್ ಬೇಗ ಆರುತ್ತಿಲ್ಲ

ಸೋಮವಾರಪೇಟೆ ಕ್ವಾಲಿಸ್:
ಎಲ್ಲರಿಗೂ ನಮಸ್ಕಾರ. ನನ್ನದು 2003ರ ಕ್ವಾಲಿಸ್, 2446 ಸಿಸಿಯ 2ಎಲ್ ಎಂಜಿನ್. ಮೀಟರ್ 2,80,000 ದಾಟಿದೆ. ನಾನು ಎರಡನೇ ಓನರ್. ರಾತ್ರಿ ನಿಂತ ಗಾಡಿಯನ್ನು ಬೆಳಗ್ಗೆ ಸ್ಟಾರ್ಟ್ ಮಾಡಿದರೆ ಆಯಿಲ್ ಲೈಟ್ ಏಳೆಂಟು ಸೆಕೆಂಡ್ ಉರಿದೇ ಇರುತ್ತದೆ. ಅಷ್ಟು ಹೊತ್ತೂ ಹೆಡ್ ಕಡೆಯಿಂದ ಟಕಟಕ ಸದ್ದು. ಲೈಟ್ ಆರಿದ ಸ್ವಲ್ಪ ಹೊತ್ತಿಗೆ ಸದ್ದೂ ನಿಲ್ಲುತ್ತದೆ. ಆಮೇಲೆ ದಿನವಿಡೀ ಓಡಿಸಿದರೂ ತೊಂದರೆ ಇಲ್ಲ, ಘಾಟಿ ಹತ್ತಿದರೂ ಲೈಟ್ ಬರುವುದಿಲ್ಲ. ಹೊಗೆ ಇಲ್ಲ, ಆಯಿಲ್ ಕುಡಿಯುವುದೂ ಕಡಿಮೆ.

ಒಬ್ಬ ಮೆಕ್ಯಾನಿಕ್ ಬೇರಿಂಗ್ ಹೋಗಿದೆ, ಎಂಜಿನ್ ಕೆಲಸ ಮಾಡಿಸಿ ಅಂದರು. ಇನ್ನೊಬ್ಬರು ಇನ್ನೂ ದಪ್ಪ ಆಯಿಲ್, 20ಡಬ್ಲ್ಯೂ-50 ಹಾಕಿ, ಸರಿ ಹೋಗುತ್ತದೆ ಅಂದರು. ಈಗ ಇರುವುದು 15ಡಬ್ಲ್ಯೂ-40. ಎಲ್ಲಿಂದ ಶುರು ಮಾಡಬೇಕು ಹೇಳಿ.

ಹುಬ್ಬಳ್ಳಿ ಸುಮೋ:
ನಮ್ಮ ಸುಮೋದಾಗ ಇದೇ ಕಥಿ ಇತ್ತು ನೋಡ್ರಿ. 20ಡಬ್ಲ್ಯೂ-50 ಹಾಕಿಸಿದೆ. ಬಿಸಿ ಇದ್ದಾಗ ಸ್ಲೋದಲ್ಲಿ (ರೇಸ್ ಕೊಡದೆ ಎಂಜಿನ್ ಸುಮ್ನೆ ಓಡುವಾಗ) ಮಿಣಿಮಿಣಿ ಅನ್ನುತ್ತಿದ್ದ ಲೈಟ್ ನಿಂತಿತು. ಆದರೆ ಬೆಳಗ್ಗೆಯ ತಡ ಇನ್ನೂ ಜಾಸ್ತಿ ಆಯಿತು.

ಸ್ಪ್ಯಾನರ್ ಮಾವ:
ಹುಬ್ಬಳ್ಳಿಯವರು ಹೇಳಿದ್ದರಲ್ಲೇ ಅರ್ಧ ಉತ್ತರ ಇದೆ. ದಪ್ಪ ಆಯಿಲ್ ಬೇರಿಂಗ್ ಸಂದಿನಿಂದ ನಿಧಾನಕ್ಕೆ ಸೋರುತ್ತದೆ, ಹಾಗಾಗಿ ಬಿಸಿ ಎಂಜಿನ್ನಿನಲ್ಲಿ ಪ್ರೆಶರ್ ಜಾಸ್ತಿ ತೋರಿಸುತ್ತದೆ. ತಣ್ಣಗಿದ್ದಾಗ ಅದೇ ದಪ್ಪ ಆಯಿಲ್ ಎಳೆಯುವ ಪೈಪಿನ ತುದಿಯ ಸ್ಟ್ರೈನರ್ ಜಾಲರಿ ದಾಟಿ ಪಂಪಿಗೆ ಬರಲು ಒದ್ದಾಡುತ್ತದೆ. ಸೋಮವಾರಪೇಟೆಯ ಡಿಸೆಂಬರ್ ಚಳಿಯಲ್ಲಿ ಕೇಳಲೇಬೇಡಿ. ನಿಮಗೆ ಬಿಸಿಯಲ್ಲಿ ತೊಂದರೆಯೇ ಇಲ್ಲ ಅನ್ನುತ್ತಿದ್ದೀರಿ. ಅಂದ ಮೇಲೆ 20ಡಬ್ಲ್ಯೂ-50 ನಿಮ್ಮ ರೋಗದ ಮದ್ದಲ್ಲ.

ಪ್ರೆಶರ್ ಕಡಿಮೆ ಇರುವುದು ಒಂದು ಕಾಯಿಲೆ. ಪ್ರೆಶರ್ ತಡವಾಗಿ ಬರುವುದು ಬೇರೆಯೇ ಕಾಯಿಲೆ. ಗರಾಜುಗಳಲ್ಲಿ ಎರಡಕ್ಕೂ "ಬೇರಿಂಗ್" ಅಂತಲೇ ಹೇಳುತ್ತಾರೆ. ಬೇರಿಂಗ್ ಸವೆದಿದ್ದರೆ ಅದು ಮೊದಲು ಕಾಣುವುದು ಬಿಸಿ ಎಂಜಿನ್ನಿನ ಸ್ಲೋದಲ್ಲಿ. ಆಯಿಲ್ ತೆಳುವಾಗಿರುವ ಹೊತ್ತು ಅದು.

ಕೆಲವು ಪ್ರಶ್ನೆಗಳು. ಹತ್ತು ನಿಮಿಷ ನಿಲ್ಲಿಸಿ ಮತ್ತೆ ಸ್ಟಾರ್ಟ್ ಮಾಡಿದರೆ ಲೈಟ್ ಎಷ್ಟು ಹೊತ್ತು ಇರುತ್ತದೆ? ಎರಡು ಗಂಟೆ ನಿಲ್ಲಿಸಿದರೆ? ಚಳಿ ಇದ್ದ ದಿನ, ಇಲ್ಲದ ದಿನ ವ್ಯತ್ಯಾಸ ಇದೆಯಾ? ಫಿಲ್ಟರ್ ಯಾವಾಗ ಬದಲಾಯಿಸಿದ್ದು, ಎಂಥದ್ದು? ಚೇಂಬರ್ (ಎಂಜಿನ್ ತಳದ ಆಯಿಲ್ ತೊಟ್ಟಿ) ಯಾವಾಗಲಾದರೂ ಇಳಿಸಿದ್ದಾರಾ? ಇಷ್ಟು ಹೇಳಿ. ಅಲ್ಲಿಯವರೆಗೆ ಲೈಟ್ ಆರುವ ತನಕ ರೇಸ್ ಕೊಡಬೇಡಿ.

ಅಂಬಿ ಡೀಸೆಲ್:
ಲೈಟ್ ಸುಳ್ಳು ಹೇಳುತ್ತಿಲ್ಲ ಅನ್ನುವುದನ್ನು ಮೊದಲು ಖಾತ್ರಿ ಮಾಡಿಕೊಳ್ಳಿ. ಆಯಿಲ್ ಸ್ವಿಚ್ ಅಂದರೆ ಒಂದು ತೆಳು ಪೊರೆ, ಒಂದು ಸ್ಪ್ರಿಂಗ್, ಒಂದು ಕಾಂಟ್ಯಾಕ್ಟ್. ಪ್ರೆಶರ್ ಇಲ್ಲದಿದ್ದಾಗ ವೈರನ್ನು ಬಾಡಿಗೆ ಅರ್ತ್ ಮಾಡುತ್ತದೆ, ಲೈಟ್ ಉರಿಯುತ್ತದೆ. ಒಳಗೆ ಕೆಸರು ಕಟ್ಟಿದರೆ ಸ್ವಿಚ್ ತಡವಾಗಿ ಬಿಡುತ್ತದೆ. ಕೀ ಆನ್ ಮಾಡಿ ವೈರ್ ಕಿತ್ತರೆ ಲೈಟ್ ಆರಬೇಕು. ಆರದಿದ್ದರೆ ವೈರಿಂಗಿನಲ್ಲೇ ಎಲ್ಲೋ ಅರ್ತ್ ಆಗಿದೆ. ಎರಡು ನಿಮಿಷದ ಕೆಲಸ.

ಸ್ಪ್ಯಾನರ್ ಮಾವ:
ಸರಿ, ಮಾಡಿ ನೋಡಲಿ. ಆದರೆ ಅವರ ಗಾಡಿಯಲ್ಲಿ ಸದ್ದೂ ಇದೆ ಅನ್ನುವುದನ್ನು ಮರೆಯಬೇಡಿ. 2ಎಲ್‌ನಲ್ಲಿ ಹೈಡ್ರಾಲಿಕ್ ಟ್ಯಾಪೆಟ್ (ಆಯಿಲ್ ಪ್ರೆಶರಿನಿಂದ ವಾಲ್ವಿನ ಸಂದು ತಾನೇ ತುಂಬಿಕೊಳ್ಳುವಂಥದ್ದು) ಇಲ್ಲ. ಕ್ಯಾಮ್, ಬಕೆಟ್, ನಡುವೆ ಶಿಮ್, ಅಷ್ಟೇ. ಹೈಡ್ರಾಲಿಕ್ ಟ್ಯಾಪೆಟ್ ಇರುವ ಎಂಜಿನ್ನಿನಲ್ಲಾದರೆ ಬೆಳಗಿನ ಟಕಟಕ ಸಾಮಾನ್ಯ ಅಂತ ಬಿಡಬಹುದು. ಇದರಲ್ಲಿ ಲೈಟ್ ಜೊತೆಗೆ ಸದ್ದು ಬಂದು, ಲೈಟ್ ಆರಿದ ಮೇಲೆ ಸದ್ದೂ ನಿಲ್ಲುತ್ತಿದೆ. ಮೇಲಕ್ಕೆ ಆಯಿಲ್ ನಿಜವಾಗಿಯೂ ತಡವಾಗಿ ತಲುಪುತ್ತಿದೆ ಅನ್ನುವುದೇ ನನ್ನ ಅನುಮಾನ.

ಬಿಂದಾಸ್ ಬೊಲೆರೊ:
ಇಪ್ಪತ್ತು ವರ್ಷದ ಗಾಡಿ ಸ್ವಾಮಿ. ಏಳು ಸೆಕೆಂಡಿಗೆ ಇಷ್ಟೊಂದು ತಲೆ ಕೆಡಿಸಿಕೊಳ್ಳಬೇಕಾ? ಸುಮ್ನೆ ಓಡಿಸಿ.

ಸ್ಪ್ಯಾನರ್ ಮಾವ:
ಸ್ಲೋ 750 ಆರ್‌ಪಿಎಂ ಅಂದರೂ ಎಂಟು ಸೆಕೆಂಡಿಗೆ ಕ್ರ್ಯಾಂಕ್ ನೂರು ಸುತ್ತು. ಡೀಸೆಲ್ ಕಂಪ್ರೆಷನ್ನಿನಲ್ಲಿ, ದಿನಾ ಬೆಳಗ್ಗೆ. ಓಡಿಸುವವರು ಓಡಿಸಲಿ.

ಸೋಮವಾರಪೇಟೆ ಕ್ವಾಲಿಸ್:
ವೈರ್ ಕಿತ್ತು ನೋಡಿದೆ, ಲೈಟ್ ಆರಿತು. ವೈರಿಂಗ್ ಸರಿ ಇದೆ. ಮಾವನ ಪ್ರಶ್ನೆಗಳಿಗೆ ಉತ್ತರ ಇಲ್ಲಿದೆ.

ಹತ್ತು ನಿಮಿಷ ನಿಲ್ಲಿಸಿದರೆ ಲೈಟ್ ತಕ್ಷಣ ಆರುತ್ತದೆ. ಎರಡು ಗಂಟೆ ನಿಂತರೆ ಎರಡು ಮೂರು ಸೆಕೆಂಡ್. ರಾತ್ರಿ ಪೂರ್ತಿ ನಿಂತರೆ ಏಳೆಂಟು. ಮಂಜು ಬಿದ್ದ ದಿನ ಇನ್ನೂ ಸ್ವಲ್ಪ ಜಾಸ್ತಿ. ಊರಿಗೆ ಹೋಗಿ ಗಾಡಿ ಕೆಲವು ದಿನ ನಿಂತಿದ್ದಾಗ ಲೈಟ್ ಆರುವುದೇ ಇಲ್ಲವೇನೋ ಅನ್ನಿಸಿ ಆಫ್ ಮಾಡಿ ಮತ್ತೆ ಸೆಲ್ಫ್ ಹೊಡೆದೆ.

ಫಿಲ್ಟರ್ ಹೋದ ಸರ್ವಿಸಿನಲ್ಲಿ ಹಾಕಿದ್ದು. ಅಂಗಡಿಯಲ್ಲಿ ಇದ್ದದ್ದರಲ್ಲಿ ಕಡಿಮೆ ರೇಟಿನದ್ದು, ಡಬ್ಬಿಯ ಮೇಲೆ ಕೇಳಿದ ಹೆಸರೂ ಇಲ್ಲ. ಚೇಂಬರ್ ಗ್ಯಾಸ್ಕೆಟ್ ಹಿಂದಿನ ಓನರ್ ಕಾಲದಲ್ಲಿ ಲೀಕ್ ಅಂತ ಬಿಚ್ಚಿ ಹಾಕಿದ್ದಾರೆ. ಅಂಚಿನಲ್ಲಿ ಲೀಕ್ ತಡೆಯಲು ಹಚ್ಚಿದ ಕಪ್ಪು ಗಮ್ ಉಬ್ಬಿ ನಿಂತಿರುವುದು ಕೆಳಗಿನಿಂದ ಕಾಣುತ್ತದೆ.

ಸ್ಪ್ಯಾನರ್ ಮಾವ:
ಈಗ ದಾರಿ ಸಿಕ್ಕಿತು. ನಿಂತಷ್ಟೂ ತಡ ಜಾಸ್ತಿ ಆಗುತ್ತಿದೆ. ಅಂದರೆ ಎಂಜಿನ್ ನಿಂತ ಮೇಲೆ ಗ್ಯಾಲರಿಯಲ್ಲಿ (ಎಂಜಿನ್ನಿನೊಳಗೆ ಆಯಿಲ್ ಹರಿಯುವ ದಾರಿ), ಫಿಲ್ಟರಿನಲ್ಲಿ, ಪಂಪಿನಲ್ಲಿ ಇರಬೇಕಾದ ಆಯಿಲ್ ನಿಧಾನಕ್ಕೆ ಚೇಂಬರಿಗೆ ಇಳಿದು ಹೋಗುತ್ತಿದೆ. ಬೆಳಗ್ಗೆ ಪಂಪ್ ಮೊದಲು ಗಾಳಿ ತಳ್ಳಬೇಕು, ಆಮೇಲೆ ಖಾಲಿ ದಾರಿ ತುಂಬಬೇಕು, ಅದಾದ ಮೇಲೆ ಪ್ರೆಶರ್. ಸ್ವಿಚ್ ಕೆಟ್ಟಿದ್ದರೆ ಗಾಡಿ ಎಷ್ಟು ಹೊತ್ತು ನಿಂತಿತ್ತು ಅನ್ನುವುದು ಅದಕ್ಕೆ ಹೇಗೆ ಗೊತ್ತಾಗಬೇಕು?

ಇಳಿದು ಹೋಗುವ ದಾರಿ ಮೂರು. ಮೊದಲನೆಯದು ಫಿಲ್ಟರ್ ಬಾಯಲ್ಲಿರುವ ರಬ್ಬರ್ ವಾಲ್ವ್. ಫಿಲ್ಟರನ್ನು ತಿರುಗಿಸಿ ನೋಡಿದರೆ ಸುತ್ತ ಚಿಕ್ಕ ತೂತುಗಳು ಕಾಣುತ್ತವೆ. ಅವುಗಳ ಹಿಂದೆ ಚಪ್ಪಟೆ ರಬ್ಬರ್ ಅಂಚು ಇರುತ್ತದೆ. ಆಯಿಲ್ ಒಳಗೆ ಬರಲು ಬಿಡಬೇಕು, ವಾಪಸ್ ಹೋಗಲು ಬಿಡಬಾರದು. ಅಗ್ಗದ ಫಿಲ್ಟರುಗಳಲ್ಲಿ ಈ ರಬ್ಬರ್ ಬಿಸಿಗೆ ಬೇಗ ಸೆಟೆದು ಹೋಗುತ್ತದೆ. ಎರಡನೆಯದು ಪಂಪಿನ ಗೇರುಗಳ ಸವೆತ. ಮೂರನೆಯದು ಸ್ಟ್ರೈನರ್ ಪೈಪ್ ಪಂಪಿಗೆ ಸೇರುವ ಜಾಗದ ಗ್ಯಾಸ್ಕೆಟ್. ಇದು ಬಿಟ್ಟರೆ ನಿಂತಾಗ ಅಲ್ಲಿಂದ ಗಾಳಿ ಒಳಗೆ ಹೋಗಿ ಆಯಿಲ್ ಇಳಿಯುತ್ತದೆ, ಸ್ಟಾರ್ಟ್ ಆದಾಗ ಪಂಪ್ ಆಯಿಲಿನ ಜೊತೆ ಗಾಳಿಯನ್ನೂ ಎಳೆಯುತ್ತದೆ. ತೂತು ಬಿದ್ದ ಸ್ಟ್ರಾದಲ್ಲಿ ಎಳನೀರು ಕುಡಿದ ಹಾಗೆ.

ಇವು ಮೂರೂ ಅಲ್ಲದೆ, ಜಾಸ್ತಿ ಆದ ಪ್ರೆಶರನ್ನು ಬಿಟ್ಟುಬಿಡುವ ರಿಲೀಫ್ ವಾಲ್ವ್ ತೆರೆದೇ ಸಿಕ್ಕಿಕೊಂಡಿರುವ ಸಾಧ್ಯತೆ ಇದೆ. ಹಾಗಿದ್ದರೆ ದಿನವಿಡೀ ಪ್ರೆಶರ್ ಕಡಿಮೆ ಇರಬೇಕು. ಅದನ್ನು ಗೇಜ್ ಹೇಳುತ್ತದೆ.

ಎಸ್ಟೇಟ್ ಜೀಪ್:
ಮಾವ, ಒಂದು ಅನುಮಾನ. ಫಿಲ್ಟರ್ ಬಾಯಿ ಮೇಲೆ ಮಾಡಿ ನೇತಾಡುತ್ತಿದ್ದರೆ ಡಬ್ಬಿಯೊಳಗಿನ ಆಯಿಲ್ ಎಲ್ಲಿಗೂ ಹೋಗುವುದಿಲ್ಲ ಅಲ್ವಾ? ಆಗ ಆ ವಾಲ್ವ್ ಇದ್ದರೇನು ಬಿಟ್ಟರೇನು?

ಸ್ಪ್ಯಾನರ್ ಮಾವ:
ಒಳ್ಳೆ ಪ್ರಶ್ನೆ. ಡಬ್ಬಿ ಖಾಲಿ ಆಗುವುದಿಲ್ಲ, ನಿಜ. ಫಿಲ್ಟರ್ ಅಡ್ಡ ಮಲಗಿದ್ದರೆ ಇಲ್ಲ ತಲೆಕೆಳಗಾಗಿ ನಿಂತಿದ್ದರೆ ಈ ವಾಲ್ವ್ ತುಂಬಾ ಮುಖ್ಯ, ನೇತಾಡುತ್ತಿದ್ದರೆ ಅಷ್ಟಿಲ್ಲ. ಆದರೆ ಫಿಲ್ಟರಿಗಿಂತ ಮೇಲೆ ಹೆಡ್ ತನಕ ಗ್ಯಾಲರಿ ಇದೆ. ಅಲ್ಲಿಯ ಆಯಿಲ್ ಫಿಲ್ಟರ್ ಮೂಲಕವೇ ಹಿಂದಕ್ಕೆ ಬಂದು ಪಂಪಿನ ಸಂದಿಯಲ್ಲಿ ಕೆಳಗೆ ಇಳಿಯಬಹುದು. ಆ ದಾರಿಗೆ ಬಾಗಿಲು ಅಂತ ಇರುವುದು ಈ ರಬ್ಬರ್ ಒಂದೇ. ಕಡಿಮೆ ಖರ್ಚಿನ ಬದಲಾವಣೆ, ಅದಕ್ಕೇ ಮೊದಲು ಮಾಡಿ ಅನ್ನುವುದು.

ಆದರೆ ಫಿಲ್ಟರಿಗಿಂತಲೂ ಮೊದಲು ಗೇಜ್ ಹಾಕಿ ಈಗಿನ ಅಳತೆ ಬರೆದಿಟ್ಟುಕೊಳ್ಳಿ. ಇಲ್ಲದಿದ್ದರೆ ಬದಲಾಯಿಸಿದ ಮೇಲೆ ಏನು ಸರಿ ಹೋಯಿತು ಅಂತ ಹೇಗೆ ಹೇಳುತ್ತೀರಿ?

ಕುಡ್ಲದ ಗೇರ್:
ಗೇಜ್ ಹಾಕುವ ಮುಂಚೆ ಒಂದು ಮಾತು ಮಾರಾಯ್ರೆ. ಜಪಾನ್ ಮೂಲದ ಎಂಜಿನ್ನುಗಳಲ್ಲಿ ಆಯಿಲ್ ಸ್ವಿಚ್ಚಿನ ಮರೆ (ಥ್ರೆಡ್) ಸಾಮಾನ್ಯವಾಗಿ 1/8 ಬಿಎಸ್‌ಪಿಟಿ, ಇಂಚಿಗೆ 28 ಸುತ್ತು. ಅಂಗಡಿಯಲ್ಲಿ ಕೈಗೆ ಕೊಡುವ ಅಮೆರಿಕದ ಎನ್‌ಪಿಟಿ ಅಡಾಪ್ಟರಿನಲ್ಲಿ 27 ಸುತ್ತು. ನೋಡಲು ಎರಡೂ ಒಂದೇ. ಮೊದಲ ಎರಡು ಸುತ್ತು ಸಲೀಸಾಗಿ ಹೋಗುತ್ತದೆ, ಆಮೇಲೆ ಬಿಗಿ ಆಗುತ್ತದೆ. ಟೈಟ್ ಆಯಿತು ಅಂದುಕೊಂಡು ಸ್ಪ್ಯಾನರ್ ಹಾಕಿ ಎಳೆದರೆ ಬ್ಲಾಕಿನ ಮರೆ ಹಾಳು. ಹಳೇ ಸ್ವಿಚ್ ಬಿಚ್ಚಿ ಜೇಬಿನಲ್ಲಿ ಹಾಕಿಕೊಂಡು ಹೋಗಿ, ಅಂಗಡಿಯಲ್ಲೇ ಅಡಾಪ್ಟರ್ ಜೊತೆ ಹಲ್ಲಿಗೆ ಹಲ್ಲು ಹೊಂದಿಸಿ ನೋಡಿ. ಟೆಫ್ಲಾನ್ ಟೇಪ್ ಸುತ್ತುವುದಾದರೆ ತುದಿಯ ಎರಡು ಸುತ್ತು ಬಿಟ್ಟು ಸುತ್ತಿ. ಟೇಪಿನ ಎಳೆ ಗ್ಯಾಲರಿಯೊಳಗೆ ಹೋಗಬಾರದು.

ಸೋಮವಾರಪೇಟೆ ಕ್ವಾಲಿಸ್:
ಗೇಜ್ ಎಂಥದ್ದು ತಗೊಳ್ಳಲಿ? ಎಲೆಕ್ಟ್ರಿಕ್ ಇರುವುದು ಚೆನ್ನಾಗಿ ಕಾಣುತ್ತದೆ.

ಸ್ಪ್ಯಾನರ್ ಮಾವ:
ಚೆಂದಕ್ಕೆ ಅಲ್ಲ ಇದು. ಮುಳ್ಳಿನ ಮೆಕ್ಯಾನಿಕಲ್ ಗೇಜ್, ಹತ್ತು ಕೆಜಿ (ಚದರ ಸೆಂಟಿಮೀಟರಿಗೆ) ಅಳತೆಯದ್ದು ಸಾಕು. ಹೋಸ್ ಗಿಡ್ಡ ಇರಲಿ, ತೀರಾ ಸಣ್ಣ ತೂತಿನದ್ದು ಬೇಡ.

ಸ್ಟುಟ್‌ಗಾರ್ಟ್ ಕನ್ನಡಿಗ:
ಹೋಸಿನ ಮಾತು ಬಂತು, ಅದಕ್ಕೇ ಬರೆಯುತ್ತಿದ್ದೇನೆ. ನನ್ನ ಹತ್ತಿರ ಡಬ್ಲ್ಯೂ123 ಮರ್ಸಿಡಿಸ್ 240ಡಿ ಇದೆ. ಅದರ ಡ್ಯಾಶ್‌ಬೋರ್ಡಿನ ಆಯಿಲ್ ಗೇಜಿಗೆ ವೈರ್ ಇಲ್ಲ. ಎಂಜಿನ್ನಿನಿಂದ ಸಣ್ಣ ಪೈಪಿನಲ್ಲಿ ಆಯಿಲೇ ಗೇಜಿನ ತನಕ ಬರುತ್ತದೆ. ಅಳತೆ 0ಯಿಂದ 3 ಬಾರ್. ಚಳಿಗಾಲದಲ್ಲಿ ಆ ಪೈಪಿನೊಳಗಿನ ಆಯಿಲ್ ಗಟ್ಟಿಯಾಗಿ ಮುಳ್ಳು ಸೋಮಾರಿ ಆಗುತ್ತದೆ. ಎಂಜಿನ್ನಿಗೆ ಆಗಲೇ ಪ್ರೆಶರ್ ಬಂದಿರುತ್ತದೆ, ಮುಳ್ಳು ಮಾತ್ರ ಹಿಂದೆ. ಇಂಥ ಗಾಡಿ ಇರುವವರು ಮೊದಲು ಎಂಜಿನ್ ಹತ್ತಿರ ಬೇರೆ ಗೇಜ್ ಹಾಕಿ ಎರಡನ್ನೂ ಹೋಲಿಸಿ ನೋಡಬೇಕು. ಇದರ ಫಿಲ್ಟರ್ ಕೂಡ ಸುತ್ತಿ ಹಾಕುವ ಡಬ್ಬಿ ಅಲ್ಲ. ಮುಚ್ಚಳ ತೆಗೆದು ಮೇಲಿನಿಂದ ಒಳಗೆ ಇಡುವಂಥದ್ದು.

ಸ್ಪ್ಯಾನರ್ ಮಾವ:
ಈಗ ಪರೀಕ್ಷೆ ಮಾಡುವ ರೀತಿ. ನಿಮ್ಮ ಡೀಸೆಲ್ ಪಂಪಿನ ಮೇಲೆ ಸ್ಟಾಪ್ ಸೊಲೆನಾಯ್ಡ್ ಇದೆ, ಒಂದೇ ವೈರ್ ಬರುತ್ತದೆ. ಬೆಳಗ್ಗೆ ಮೊದಲು ಆ ವೈರ್ ಬಿಚ್ಚಿ. ತುದಿ ಬಾಡಿಗೆ ತಾಗದ ಹಾಗೆ ಟೇಪ್ ಸುತ್ತಿ. ಈಗ ಸೆಲ್ಫ್ ಹೊಡೆದರೆ ಎಂಜಿನ್ ತಿರುಗುತ್ತದೆ, ಸ್ಟಾರ್ಟ್ ಆಗುವುದಿಲ್ಲ. ಹತ್ತು ಸೆಕೆಂಡಿಗಿಂತ ಜಾಸ್ತಿ ಬೇಡ, ನಡುವೆ ಸೆಲ್ಫ್ ಮೋಟರಿಗೆ ಅರ್ಧ ನಿಮಿಷ ಬಿಡುವು ಕೊಡಿ. ಮುಳ್ಳು ಯಾವಾಗ ಅಲ್ಲಾಡುತ್ತದೆ ನೋಡಿ. ಪೆಟ್ರೋಲ್ ಗಾಡಿಯವರಿಗೆ ಇಷ್ಟು ಸುಲಭ ಇಲ್ಲ. ಬೆಂಕಿ ಹತ್ತದೆ ಸುಮ್ನೆ ತಿರುಗುವಾಗ ಬೇರಿಂಗಿನ ಮೇಲೆ ಭಾರ ಕಡಿಮೆ, ಹಾನಿಯೂ ಕಡಿಮೆ.

ಇನ್ನೊಂದು ದಿನ ವೈರ್ ಹಾಕಿಕೊಂಡೇ ಸ್ಟಾರ್ಟ್ ಮಾಡಿ. ಪ್ರೆಶರ್ ಬಂದ ಮೇಲೆ, ಎಂಜಿನ್ ಇನ್ನೂ ತಣ್ಣಗಿರುವಾಗಲೇ, ಮೆಲ್ಲಗೆ 2500ಕ್ಕೆ ಏರಿಸಿ ಸ್ವಲ್ಪ ಹೊತ್ತು ಹಿಡಿಯಿರಿ. ಮುಳ್ಳು ಏರಿ ನಿಲ್ಲುತ್ತದಾ, ಏರಿ ಇಳಿಯುತ್ತದಾ ಅನ್ನುವುದು ಬೇಕು. ಕೊನೆಗೆ ಗಾಡಿ ಚೆನ್ನಾಗಿ ಓಡಿಸಿ ಬಂದು ಬಿಸಿಯಲ್ಲಿ ಸ್ಲೋ ಎಷ್ಟು, 3000ದಲ್ಲಿ ಎಷ್ಟು ಬರೆದುಕೊಳ್ಳಿ. ಈ ಎಂಜಿನ್ನಿಗೆ ಪುಸ್ತಕದ ಲೆಕ್ಕ ಸ್ಲೋದಲ್ಲಿ ಕನಿಷ್ಠ 0.3 ಕೆಜಿ, 3000ದಲ್ಲಿ 2.5ರಿಂದ 6.0 ಕೆಜಿ.

ಹುಬ್ಬಳ್ಳಿ ಸುಮೋ:
ಸ್ಲೋದಾಗ ಬರೇ 0.3? ಇಷ್ಟು ಕಡಿಮಿ ಇದ್ರೂ ನಡೀತದೇನ್ರಿ?

ಸ್ಪ್ಯಾನರ್ ಮಾವ:
ಅದು ಬಿಸಿಯಲ್ಲಿ ಕನಿಷ್ಠ ಮಿತಿ. ಸ್ಲೋದಲ್ಲಿ ಬೇರಿಂಗಿಗೆ ಭಾರ ಕಡಿಮೆ, ಅಷ್ಟಿದ್ದರೂ ತಡೆಯುತ್ತದೆ. ಲೈಟ್ ಸ್ವಿಚ್ ಕೂಡ ಸುಮಾರು ಅದೇ ಆಸುಪಾಸಿನಲ್ಲಿ ಬಿಡುವಂಥದ್ದು. ಲೈಟ್ ಆರಿದೆ ಅಂದರೆ ಪ್ರೆಶರ್ ಚೆನ್ನಾಗಿದೆ ಅಂತಲ್ಲ, ಪೂರ್ತಿ ಇಲ್ಲದೇ ಇಲ್ಲ ಅಂತ ಅಷ್ಟೇ.

ಸೋಮವಾರಪೇಟೆ ಕ್ವಾಲಿಸ್:
ಗೇಜ್ ಹಾಕಿದೆ. ಕುಡ್ಲದವರ ಮಾತು ಕೇಳಿದ್ದು ಒಳ್ಳೆಯದಾಯಿತು, ಅಂಗಡಿಯವರು ಮೊದಲು ಕೊಟ್ಟದ್ದು 27 ಸುತ್ತಿನದ್ದೇ.

ಸೊಲೆನಾಯ್ಡ್ ವೈರ್ ಬಿಚ್ಚಿ ತಿರುಗಿಸಿದಾಗ ಮೊದಲ ಸಲ ಹತ್ತು ಸೆಕೆಂಡ್ ಪೂರ್ತಿ ಮುಳ್ಳು ಸೊನ್ನೆಯಲ್ಲೇ ಇತ್ತು. ಬಿಡುವು ಕೊಟ್ಟು ಮತ್ತೆ ತಿರುಗಿಸಿದಾಗ ಕೊನೆಯ ಹೊತ್ತಿಗೆ ಎದ್ದಿತು. ಮರುದಿನ ಹಾಗೇ ಸ್ಟಾರ್ಟ್ ಮಾಡಿದೆ. ಏಳು ಸೆಕೆಂಡ್ ಸೊನ್ನೆ, ಆಮೇಲೆ ನಡುಗುತ್ತಾ ಏರಿ 3.5 ಕೆಜಿ. 2500ಕ್ಕೆ ಹಿಡಿದಾಗ 4ರ ಹತ್ತಿರ ಹೋಯಿತು, ಆದರೆ ನಿಲ್ಲಲಿಲ್ಲ. ನಿಧಾನವಾಗಿ ಇಳಿದು 2.5ಕ್ಕೆ ಬಂತು. ಸ್ಲೋಗೆ ಬಿಟ್ಟರೆ ಮತ್ತೆ 3ರ ಮೇಲೆ! ಇದು ಉಲ್ಟಾ ಅಲ್ವಾ?

ಬಿಸಿಯಲ್ಲಿ ಸ್ಲೋ 1.2, 3000ದಲ್ಲಿ 3.8. ಅಲ್ಲಿ ಮುಳ್ಳು ಅಲ್ಲಾಡದೆ ನಿಂತಿತು.

ಸ್ಪ್ಯಾನರ್ ಮಾವ:
ಮೊದಲು ಸಿಹಿ ಸುದ್ದಿ. ಬಿಸಿಯಲ್ಲಿ 1.2, 3.8 ಬರುವ ಎಂಜಿನ್ನಿಗೆ ಯಾರಾದರೂ ಬೇರಿಂಗ್ ಹೋಗಿದೆ ಅಂದರೆ ನಮಸ್ಕಾರ ಹೇಳಿ ಗಾಡಿ ತಗೊಂಡು ಬನ್ನಿ. ರಿಲೀಫ್ ವಾಲ್ವ್ ತೆರೆದು ಸಿಕ್ಕಿಕೊಂಡಿದ್ದರೂ ಈ ಲೆಕ್ಕ ಬರುವುದಿಲ್ಲ.

ನಿಮಗೆ ಉಲ್ಟಾ ಅನ್ನಿಸಿದ್ದೇ ನನಗೆ ಬೇಕಾಗಿದ್ದದ್ದು. ಎಂಜಿನ್ ಜೋರಾದಷ್ಟೂ ಪಂಪ್ ಜಾಸ್ತಿ ಆಯಿಲ್ ಕೇಳುತ್ತದೆ. ಎಳೆಯುವ ದಾರಿ ಕಟ್ಟಿದ್ದರೆ, ಆಯಿಲ್ ತಣ್ಣಗೆ ದಪ್ಪ ಇರುವಾಗ, ಕೇಳಿದಷ್ಟು ಬರುವುದಿಲ್ಲ. ಪಂಪ್ ಹಸಿದು ಮುಳ್ಳು ಇಳಿಯುತ್ತದೆ. ಸ್ಲೋಗೆ ಬಿಟ್ಟರೆ ಬೇಡಿಕೆ ಕಡಿಮೆ, ಮುಳ್ಳು ಚೇತರಿಸಿಕೊಳ್ಳುತ್ತದೆ. ಆಯಿಲ್ ಬಿಸಿಯಾಗಿ ತೆಳುವಾದರೆ ಅದೇ ಕಟ್ಟಿದ ಜಾಲರಿಯಲ್ಲೂ ನುಸುಳಿ ಬರುತ್ತದೆ, ಆಗ ಏನೂ ಗೊತ್ತಾಗುವುದಿಲ್ಲ. ಏರುವಾಗ ಮುಳ್ಳು ನಡುಗಿದ್ದು ಆಯಿಲ್ ಜೊತೆ ಗಾಳಿ ಹೋಗುತ್ತಿದೆ ಅನ್ನುವುದರ ಗುರುತು ಇರಬಹುದು.

ಚೇಂಬರ್ ಅಂಚಿನ ಗಮ್ ನೆನಪಿಸಿಕೊಳ್ಳಿ. ಹೊರಗೆ ಎಷ್ಟು ಉಬ್ಬಿದೆಯೋ ಒಳಗೂ ಅಷ್ಟೇ ಉಬ್ಬಿರುತ್ತದೆ. ಒಳಗಿನದ್ದು ಕಿತ್ತು ಬಂದರೆ ಅದಕ್ಕೆ ಹೋಗಲು ಇರುವ ಜಾಗ ಸ್ಟ್ರೈನರ್ ಒಂದೇ.

ಆದರೂ ಫಿಲ್ಟರ್ ಮೊದಲು. ಹಳೆಯದನ್ನು ಬಿಸಾಡಬೇಡಿ, ಕತ್ತರಿಸಿ ನೋಡಬೇಕು.

ಎಸ್ಟೇಟ್ ಜೀಪ್:
ಫ್ಲಶಿಂಗ್ ಆಯಿಲ್ ಹಾಕಿ ಹತ್ತು ನಿಮಿಷ ಓಡಿಸಿದರೆ ಜಾಲರಿ ಕ್ಲೀನ್ ಆಗುವುದಿಲ್ವಾ? ನಮ್ಮ ಕಡೆ ಅರ್ಧ ಲೀಟರ್ ಡೀಸೆಲ್ ಸುರಿಯುವವರೂ ಇದ್ದಾರೆ.

ಸ್ಪ್ಯಾನರ್ ಮಾವ:
ಬೇಡವೇ ಬೇಡ. ಗಮ್ ಅದಕ್ಕೆ ಕರಗುವುದಿಲ್ಲ. ಗೋಡೆಗೆ ಅಂಟಿಕೊಂಡು ಸುಮ್ಮನಿದ್ದ ಕೆಸರು ಮಾತ್ರ ಕಿತ್ತು ಬಂದು ಅದೇ ಜಾಲರಿಗೆ ಬಡಿಯುತ್ತದೆ. ಅರ್ಧ ಕಟ್ಟಿದ್ದು ಪೂರ್ತಿ ಕಟ್ಟುತ್ತದೆ. ಡೀಸೆಲ್ ಸುರಿದರಂತೂ ಬೇರಿಂಗಿನ ಪದರವೇ ತೆಳ್ಳಗಾಗುತ್ತದೆ.

ಅಂಬಿ ಡೀಸೆಲ್:
ಡೀಸೆಲ್ ಅಂದ ಮೇಲೆ ಇದನ್ನೂ ನೋಡಿ. ಡಿಪ್‌ಸ್ಟಿಕ್ಕಿನಲ್ಲಿ ಆಯಿಲ್ ಮಟ್ಟ ತಾನಾಗಿ ಏರುತ್ತಿದೆಯಾ? ಇಂಜೆಕ್ಟರ್ ತೊಟ್ಟಿಕ್ಕುತ್ತಿದ್ದರೆ ಡೀಸೆಲ್ ಸಿಲಿಂಡರ್ ಗೋಡೆಯಲ್ಲಿ ಇಳಿದು ಆಯಿಲಿಗೆ ಸೇರುತ್ತದೆ. ಗೇರಿನಿಂದ ತಿರುಗುವ ಡೀಸೆಲ್ ಪಂಪ್ ಇರುವ ಎಂಜಿನ್ನುಗಳಲ್ಲಿ ಪಂಪಿನ ಮುಂದಿನ ಸೀಲ್ ಹೋದರೂ ಡೀಸೆಲ್ ನೇರ ಚೇಂಬರಿಗೇ ಬರುತ್ತದೆ. ಕ್ವಾಲಿಸಿನಲ್ಲಿ ಡೀಸೆಲ್ ಪಂಪ್ ಟೈಮಿಂಗ್ ಬೆಲ್ಟಿನಿಂದ ತಿರುಗುವುದು. ಸೀಲ್ ಹೋದರೆ ಬೆಲ್ಟ್ ಕವರ್ ಒದ್ದೆ ಆಗುತ್ತದೆ, ಆಯಿಲಿಗೆ ಸೇರುವುದಿಲ್ಲ.

ಸೋಮವಾರಪೇಟೆ ಕ್ವಾಲಿಸ್:
ಮಟ್ಟ ಏರುತ್ತಿಲ್ಲ, ಆಯಿಲಿನಲ್ಲಿ ಡೀಸೆಲ್ ವಾಸನೆಯೂ ಇಲ್ಲ. ಹಾಲಿನ ಬಣ್ಣವೂ ಇಲ್ಲ.

ಒಳ್ಳೆ ಫಿಲ್ಟರ್ ಹಾಕಿದೆ. ಬೆಳಗಿನ ತಡ ಐದು ಸೆಕೆಂಡಿಗೆ ಇಳಿದಿದೆ. ತಣ್ಣಗಿದ್ದಾಗ 2500ರಲ್ಲಿ ಮುಳ್ಳು ಇಳಿಯುವುದು ಹಾಗೇ ಇದೆ. ಹಳೇ ಫಿಲ್ಟರ್ ಲೇತಿನಲ್ಲಿ ಕತ್ತರಿಸಿಸಿದೆ. ಒಳಗಿನ ರಬ್ಬರ್ ಪ್ಲಾಸ್ಟಿಕ್ ಬಳೆಯ ಥರ ಗಟ್ಟಿಯಾಗಿದೆ, ಬಗ್ಗುವುದೇ ಇಲ್ಲ. ಪೇಪರ್ ಮಡಿಕೆ ಬಿಡಿಸಿ ಬಿಸಿಲಿನಲ್ಲಿ ನೋಡಿದೆ, ಬೇರಿಂಗ್ ಸವೆದರೆ ಬರುವ ತಾಮ್ರದ ಹೊಳಪು ಎಲ್ಲೂ ಇಲ್ಲ. ಆದರೆ ಮೆತ್ತನೆಯ ಕಪ್ಪು ಚೂರುಗಳು ಸಿಕ್ಕವು. ಬೆರಳಲ್ಲಿ ಎಳೆದರೆ ಹಿಗ್ಗುತ್ತವೆ.

ಸ್ಪ್ಯಾನರ್ ಮಾವ:
ಹಿಗ್ಗುತ್ತದೆ ಅಂದರೆ ಕಾರ್ಬನ್ ಅಲ್ಲ, ಗಮ್. ಜಾಲರಿ ದಾಟಿ ಬಂದ ಪುಡಿ ಇದು. ದೊಡ್ಡದೆಲ್ಲ ಹಿಂದೆಯೇ ಉಳಿದಿದೆ. ಚೇಂಬರ್ ಇಳಿಸಿ.

ಕುಡ್ಲದ ಗೇರ್:
ಇಳಿಸುವ ಮುಂಚೆ ಒಂದು ಪುಕ್ಕಟೆ ಪರೀಕ್ಷೆ ಇದೆ. ಸಂಜೆ ಅರ್ಧ ಲೀಟರ್ ಆಯಿಲ್ ಜಾಸ್ತಿ ಹಾಕಿ ಬಿಡಿ. ಬೆಳಗ್ಗೆ ತಡ ಕಡಿಮೆ ಆದರೆ ಸ್ಟ್ರೈನರ್ ಪೈಪಿನ ಜಾಯಿಂಟ್ ಆಯಿಲಿನಲ್ಲಿ ಮುಳುಗಿ ಗಾಳಿ ಎಳೆಯುವುದು ನಿಂತಿದೆ ಅಂತ ಅರ್ಥ. ನೋಡಿದ ಕೂಡಲೇ ಜಾಸ್ತಿ ಆಯಿಲ್ ತೆಗೆಯಬೇಕು. ಹಾಗೇ ರಸ್ತೆಗೆ ಹೋಗಬೇಡಿ. ಡೀಸೆಲ್ ಎಂಜಿನ್ ಬ್ರೀದರಿನಿಂದ (ಎಂಜಿನ್ನಿನೊಳಗಿನ ಗಾಳಿ ಹೊರಬರುವ ಪೈಪ್) ಆಯಿಲ್ ಎಳೆದುಕೊಂಡು ಅದನ್ನೇ ಸುಡಲು ಶುರು ಮಾಡಿದರೆ ಕೀ ಆಫ್ ಮಾಡಿದರೂ ನಿಲ್ಲುವುದಿಲ್ಲ.

ಸ್ಪ್ಯಾನರ್ ಮಾವ:
ಪರೀಕ್ಷೆ ಸರಿ. ಆದರೆ ಒಮ್ಮುಖ. ಸುಧಾರಿಸಿದರೆ ಜಾಯಿಂಟ್ ಅನ್ನಬಹುದು. ಸುಧಾರಿಸದಿದ್ದರೆ ಜಾಯಿಂಟ್ ಸರಿ ಇದೆ ಅಂತ ಹೇಳಲು ಬರುವುದಿಲ್ಲ, ಅದು ಅರ್ಧ ಲೀಟರಿಗೂ ಮುಳುಗದಷ್ಟು ಮೇಲೆ ಇರಬಹುದು.

ಸೋಮವಾರಪೇಟೆ ಕ್ವಾಲಿಸ್:
ಮಾಡಿದೆ, ವ್ಯತ್ಯಾಸ ಇಲ್ಲ. ಆಯಿಲ್ ವಾಪಸ್ ತೆಗೆದೆ. ಈ ವಾರ ಕುಶಾಲನಗರದಲ್ಲಿ ಚೇಂಬರ್ ಇಳಿಸುತ್ತಿದ್ದೇವೆ. ಅಲ್ಲಿ ಏನೇನು ನೋಡಿಸಲಿ?

ಸ್ಪ್ಯಾನರ್ ಮಾವ:
ಇಳಿಸಿದ ಕೂಡಲೇ ಒರೆಸಲು ಬಿಡಬೇಡಿ, ಮೊದಲು ಫೋಟೋ ತೆಗೆಯಿರಿ. ಚೇಂಬರ್ ತಳದಲ್ಲಿ ಏನು ಕೂತಿದೆ, ಜಾಲರಿಯ ಮೇಲೆ ಏನಿದೆ ಅನ್ನುವುದು ಒರೆಸಿದರೆ ಹೋಯಿತು. ಸ್ಟ್ರೈನರ್ ಬಿಚ್ಚುವ ಮುಂಚೆ ಅದರ ಬೋಲ್ಟ್ ಎಷ್ಟು ಟೈಟ್ ಇದೆ ಕೈಯಲ್ಲೇ ನೋಡಿ. ಗ್ಯಾಸ್ಕೆಟ್ ಹೊಸದೇ ಹಾಕಿ, ಹಳೆಯದಕ್ಕೆ ಗಮ್ ಹಚ್ಚಿ ಕೂರಿಸಲು ಬಿಡಬೇಡಿ. ಆ ಜಾಗದಲ್ಲಿ ಗಮ್ ಹಚ್ಚಿದರೆ ಅದು ನೇರ ಪಂಪಿನ ಬಾಯಿಗೇ ಹೋಗುತ್ತದೆ.

ಚೇಂಬರ್ ತೆರೆದೇ ಇರುತ್ತದಲ್ಲ, ಒಂದು ಕನೆಕ್ಟಿಂಗ್ ರಾಡ್ ಕ್ಯಾಪ್ ಬಿಚ್ಚಿ ಒಳಗಿನ ಬೇರಿಂಗ್ ಶೆಲ್ ನೋಡಿಸಿ. ಕ್ಯಾಪ್ ತಿರುವುಮುರುವು ಆಗಬಾರದು, ಬೋಲ್ಟ್ ಟಾರ್ಕ್ ರೆಂಚಿನಲ್ಲೇ ಟೈಟ್ ಆಗಬೇಕು. ಟಾರ್ಕ್ ರೆಂಚ್ ಇಲ್ಲದ ಗರಾಜಾದರೆ ಈ ಕೆಲಸ ಬಿಟ್ಟುಬಿಡಿ, ಗೇಜ್ ಹೇಳಿದ್ದೇ ಸಾಕು. ಪಂಪಿಗೆ ಕೈ ಹಾಕಬೇಡಿ. ಅದು ಕ್ರ್ಯಾಂಕಿನ ಮುಂದೆ, ಟೈಮಿಂಗ್ ಬೆಲ್ಟ್ ಹಿಂದೆ ಇದೆ, ಬೆಲ್ಟ್ ಬಿಚ್ಚದೆ ಬರುವುದಿಲ್ಲ. ಈ ಬೆಲ್ಟನ್ನು ಲಕ್ಷ ಕಿಲೋಮೀಟರಿಗೊಮ್ಮೆ ಬದಲಾಯಿಸಬೇಕು. ನಿಮ್ಮದು ಮುಂದಿನ ಸಲ ಬದಲಾಗುವಾಗ ಪಂಪನ್ನೂ ನೋಡಿಸಿ.

ಅಂಬಿ ಡೀಸೆಲ್:
ಒಂದು ವೇಳೆ ಪಂಪ್ ಬಿಚ್ಚಿದರೆ ಕೂರಿಸುವಾಗ ಗೇರಿನ ಸಂದಿಗೆ ಪೆಟ್ರೋಲಿಯಂ ಜೆಲ್ಲಿ ತುಂಬಿಸಿ. ಒಣ ಪಂಪ್ ಆಯಿಲ್ ಎಳೆಯುವುದಿಲ್ಲ. ನಮ್ಮ ಅಂಬಾಸಡರ್ ಡೀಸೆಲ್ಲಿನಲ್ಲಿ ಹಳೇ ಮೇಸ್ತ್ರಿಗಳು ಇದನ್ನು ಮಾಡದೆ ಚೇಂಬರ್ ಮುಚ್ಚುತ್ತಲೇ ಇರಲಿಲ್ಲ. ಗ್ರೀಸ್ ಬೇಡ, ಅದು ಆಯಿಲಿನಲ್ಲಿ ಸರಿಯಾಗಿ ಕರಗುವುದಿಲ್ಲ.

ಸೋಮವಾರಪೇಟೆ ಕ್ವಾಲಿಸ್:
ಚೇಂಬರ್ ಇಳಿಯಿತು. ಫೋಟೋ ನೋಡಿ ನಗಬೇಡಿ.

ಜಾಲರಿಯ ಅರ್ಧಕ್ಕಿಂತ ಜಾಸ್ತಿ ಭಾಗ ಕಪ್ಪು ಗಮ್ಮಿನ ಎಳೆಗಳಿಂದ ಮುಚ್ಚಿದೆ. ಕೆಲವು ಬೆರಳುದ್ದ ಇವೆ. ಮಧ್ಯೆ ಕಾರ್ಬನ್ ಕೆಸರು ಸೇರಿ ಗಟ್ಟಿಯಾಗಿದೆ. ಸ್ಟ್ರೈನರ್ ಬೋಲ್ಟ್ ಒಂದು ಕೈಯಲ್ಲೇ ತಿರುಗಿತು. ಗ್ಯಾಸ್ಕೆಟ್ ಒಂದು ಕಡೆ ಮಾತ್ರ ಒತ್ತಿ ಕೂತ ಗುರುತು ಇದೆ, ಇನ್ನೊಂದು ಕಡೆ ಒತ್ತಿಯೇ ಇಲ್ಲ. ಮೇಸ್ತ್ರಿ ಹತ್ತಿರ ಟಾರ್ಕ್ ರೆಂಚ್ ಇತ್ತು, ಒಂದು ಕ್ಯಾಪ್ ಬಿಚ್ಚಿದರು. ಶೆಲ್ ಬೂದು ಬಣ್ಣ, ಗೆರೆ ಇಲ್ಲ, ತಾಮ್ರ ಕಾಣುತ್ತಿಲ್ಲ.

ಸ್ಪ್ಯಾನರ್ ಮಾವ:
ಗೇಜ್ ಹೇಳಿದ್ದು, ಶೆಲ್ ಹೇಳಿದ್ದು ಒಂದೇ ಆಯಿತು. ಇನ್ನು ಕೂರಿಸುವಾಗ ಚೇಂಬರ್ ಅಂಚು, ಬ್ಲಾಕಿನ ಅಂಚು ಎರಡನ್ನೂ ಪೂರ್ತಿ ಒಣಗಿಸಿ. ಗಮ್ ಹಚ್ಚುವುದೇ ಆದರೆ ತೆಳು ಗೆರೆ, ಬೋಲ್ಟ್ ತೂತಿನ ಒಳಬದಿಯಲ್ಲಿ. ಜಾಸ್ತಿ ಹಚ್ಚಿದರೆ ಜಾಸ್ತಿ ಗಟ್ಟಿ ಅನ್ನುವ ನಂಬಿಕೆ ನಮ್ಮ ಗರಾಜುಗಳಿಂದ ಹೋಗುವುದೇ ಇಲ್ಲ. ಚೇಂಬರ್ ಅಂಚು ಸೊಟ್ಟ ಆಗಿದ್ದರೆ ಸುತ್ತಿಗೆಯಲ್ಲಿ ತಟ್ಟಿ ಸಮ ಮಾಡಿಸಿ. ಅಂಚು ಸಮ ಇದ್ದರೆ ಅಷ್ಟು ಗಮ್ ಬೇಕಾಗುವುದೇ ಇಲ್ಲ. ಗಮ್ ಒಣಗಲು ಡಬ್ಬಿಯ ಮೇಲೆ ಬರೆದಷ್ಟು ಹೊತ್ತು ಕೊಟ್ಟು ಆಮೇಲೆ ಆಯಿಲ್ ಹಾಕಿ.

ಮೊದಲ ಸಲ ನೇರ ಸ್ಟಾರ್ಟ್ ಮಾಡಬೇಡಿ. ಸೊಲೆನಾಯ್ಡ್ ವೈರ್ ಬಿಚ್ಚಿ, ಮುಳ್ಳು ಏಳುವ ತನಕ ಬಿಟ್ಟು ಬಿಟ್ಟು ತಿರುಗಿಸಿ.

ಸೋಮವಾರಪೇಟೆ ಕ್ವಾಲಿಸ್:
ಹಾಗೇ ಮಾಡಿದೆವು. ಆಯಿಲ್ ಅದೇ 15ಡಬ್ಲ್ಯೂ-40. ಎರಡನೇ ಸುತ್ತಿನಲ್ಲೇ ಮುಳ್ಳು ಎದ್ದಿತು.

ಈಗ ರಾತ್ರಿ ನಿಂತ ಮೇಲೆ ಲೈಟ್ ಎರಡು ಸೆಕೆಂಡಿಗೆ ಆರುತ್ತಿದೆ. ತಣ್ಣಗಿದ್ದಾಗ 2500ರಲ್ಲಿ 4.5ಕ್ಕೆ ಏರಿ ಅಲ್ಲೇ ನಿಲ್ಲುತ್ತದೆ. ಬಿಸಿಯ ಲೆಕ್ಕ ಮೊದಲಿನ ಹಾಗೇ, ಸ್ಲೋ 1.2. ಟಕಟಕ ಸದ್ದು ಸ್ಟಾರ್ಟ್ ಆದ ಕ್ಷಣಕ್ಕೆ ಸ್ವಲ್ಪ ಕೇಳಿ ಹೋಗುತ್ತದೆ. ಎಂಜಿನ್ ಕೆಲಸಕ್ಕೆ ಹೇಳಿದ್ದ ರೇಟಿನ ಮುಂದೆ ಇದಕ್ಕೆ ಆದ ಖರ್ಚು ಏನೂ ಅಲ್ಲ.

ಬಿಂದಾಸ್ ಬೊಲೆರೊ:
ಒಪ್ಪಿದೆ ಸ್ವಾಮಿ. ನನ್ನದಕ್ಕೂ ಒಂದು ಗೇಜ್ ತರಿಸುತ್ತೇನೆ. ಬೆಂಗಳೂರಿನಲ್ಲಿ ಎಲ್ಲಿ ಸಿಗುತ್ತದೆ?

ಕುಡ್ಲದ ಗೇರ್:
ಜೆ.ಸಿ. ರೋಡಿನ ಸ್ಪೇರ್ ಅಂಗಡಿಗಳಲ್ಲಿ ಕೇಳಿ. ಸ್ವಿಚ್ ಜೇಬಿನಲ್ಲಿರಲಿ. ಕ್ವಾಲಿಸಿಗೆ ಹೇಳಿದ ಮರೆ ನಿಮ್ಮ ಬೊಲೆರೊಗೆ ಹೊಂದಬೇಕು ಅಂತೇನೂ ಇಲ್ಲ.

ಹುಬ್ಬಳ್ಳಿ ಸುಮೋ:
ಮಾವಾರೆ, ನಾನೂ ಹತ್ತು ನಿಮಿಷ, ಎರಡು ತಾಸಿನ ಪರೀಕ್ಷೆ ಮಾಡಿದೆ. ನಮ್ಮದರಾಗ ಹತ್ತು ನಿಮಿಷ ನಿಂತರೂ ಅಷ್ಟೇ ತಡ, ರಾತ್ರಿ ನಿಂತರೂ ಹೆಚ್ಚುಕಡಿಮಿ ಅಷ್ಟೇ. ಸದ್ದು ಏನೂ ಇಲ್ರಿ.

ಸ್ಪ್ಯಾನರ್ ಮಾವ:
ಹಾಗಾದರೆ ನಿಮ್ಮ ಬೆಳಗಿನ ತಡಕ್ಕೆ ಚೇಂಬರ್ ಇಳಿಸಲು ಹೋಗಬೇಡಿ. ಸ್ವಿಚ್ ಬಿಚ್ಚಿ ಆ ಜಾಗಕ್ಕೆ ಗೇಜ್ ಹಾಕಿ. ಮುಳ್ಳು ಬೇಗ ಏರಿದರೆ ಹೊಸ ಸ್ವಿಚ್ ಹಾಕಿ ಆ ಕಥೆ ಮುಗಿಸಿ. ಆದರೆ ಬಿಸಿಯಲ್ಲಿ ಲೈಟ್ ಮಿಣಿಮಿಣಿ ಅನ್ನುತ್ತಿತ್ತು ಅಂದಿದ್ದಿರಿ, ಅದನ್ನು ಮರೆತಿಲ್ಲ. 20ಡಬ್ಲ್ಯೂ-50 ತೆಗೆದು ಕಂಪನಿ ಹೇಳಿದ ಆಯಿಲ್ ಹಾಕಿ, ಬಿಸಿಯಲ್ಲಿ ಸ್ಲೋ ಎಷ್ಟು ಬರುತ್ತದೆ ಅಂತ ಬರೆಯಿರಿ. ಅಳತೆ ಬಂದ ಮೇಲೆ ಮುಂದಿನ ಮಾತು.

ಸೋಮವಾರಪೇಟೆಯವರೇ, ನೀವು ಈ ಆಯಿಲನ್ನು ಪೂರ್ತಿ ಓಡಿಸಬೇಡಿ. ಗ್ಯಾಲರಿಯಲ್ಲಿ ಉಳಿದ ಗಮ್ ಪುಡಿ ಇನ್ನೂ ಫಿಲ್ಟರಿಗೆ ಬರುತ್ತಿರುತ್ತದೆ. ಸಾವಿರ ಕಿಲೋಮೀಟರಿಗೆ ಆಯಿಲ್, ಫಿಲ್ಟರ್ ಎರಡೂ ಬದಲಾಯಿಸಿ, ಆ ಫಿಲ್ಟರನ್ನೂ ಕತ್ತರಿಸಿ ಒಳಗೆ ಏನಿದೆ ಅಂತ ಇಲ್ಲಿ ಬರೆಯಿರಿ.